ನಿರಾಕರಿಸದ್ದೆಲ್ಲ ಒಪ್ಪಿದ ಹಾಗೆ

ಜನವರಿ 11

ಅಕ್ಕನಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ ಅಂತ ಕೇಳಿದರೆ "ಈಗ ನೆನಪಾಯ್ತಾ" ಅನ್ನುತ್ತೀಯ, ಅದಕ್ಕೇ ಕೇಳುವುದಿಲ್ಲ.

ವಿಷಯ ಇಷ್ಟೇ. ಅಮ್ಮನಿಂದ ನಿನಗೆ ಬಂದ ಮನೆಯ ಹಿಂದೆ ಅಪ್ಪ ನನ್ನ ಹೆಸರಿಗೆ ಬಿಟ್ಟುಹೋದ ಹಿತ್ತಲು ಇಷ್ಟು ವರ್ಷ ಖಾಲಿ ಬಿದ್ದಿದೆ. ಅವನ ಸೈಕಲ್ ರಿಪೇರಿ ಶೆಡ್ಡೂ ಕುಸಿದುಹೋಯಿತು. ಇಲ್ಲಿ ನನ್ನ ಫರ್ನಿಚರ್ ಅಂಗಡಿಯಲ್ಲಿ ಸೋಫಾ, ಮಂಚ, ಬೀರು ಒಂದರ ಮೇಲೊಂದು ಹತ್ತಿ ಕೂತಿವೆ. ಗಿರಾಕಿ ಒಳಗೆ ಬಂದರೆ ನಾನು ಹೊರಗೆ ಹೋಗಬೇಕು. ಅದಕ್ಕೆ ಹಿತ್ತಲಿನಲ್ಲಿ ಒಂದು ಗೋಡೌನ್ ಕಟ್ಟಿಸುವುದು ಅಂತ ಮಾಡಿದ್ದೇನೆ. ಎರಡು ಅಂತಸ್ತು. ಜಾಗ ಕಿರಿದು, ಆದ್ದರಿಂದ ನಿನ್ನ ಗೋಡೆಗೆ ಅಂಟಿಕೊಂಡೇ ನನ್ನ ಗೋಡೆ ಏಳಬೇಕು.

ನಿನ್ನ ಕೆಲಸದ ಕೋಣೆಯ ಕಿಟಕಿ ಮುಚ್ಚಿಹೋಗುತ್ತದೆ. ಗೊತ್ತು. ಆ ಕಿಟಕಿ ಇಟ್ಟವನೇ ನಾನು, ನನಗೆ ಗೊತ್ತಿಲ್ಲವೆ? ಭಾವ ತೀರಿಕೊಂಡ ವರ್ಷ ಅದು, ಇಪ್ಪತ್ತೈದು ವರ್ಷದ ಹಿಂದೆ. ನೀನು ಬೀದಿಬಾಗಿಲ ಹೊಸ್ತಿಲಲ್ಲಿ ಕೂತು ಜನರ ಹರಿದ ಬಟ್ಟೆಗೆ ರಫೂ ಮಾಡುತ್ತಿದ್ದೆ. ಹೋಗುವವರು ಬರುವವರು ನಿನ್ನ ತೊಡೆಯ ಮೇಲಿನ ಬಟ್ಟೆ ದಾಟಿಕೊಂಡು ಹೋಗುತ್ತಿದ್ದರು. ನಾನು ಹಿತ್ತಲಲ್ಲಿ ಸ್ಟೂಲು ಹತ್ತಿ ಗೋಡೆ ಒಡೆದೆ. ಅಪ್ಪ ಕೆಳಗೆ ಸ್ಟೂಲು ಹಿಡಿದುಕೊಂಡು ಇಟ್ಟಿಗೆ ಒಂದೊಂದಾಗಿ ಇಸಿದುಕೊಂಡ. ಒಂದು ಇಟ್ಟಿಗೆ ಅವನ ಪಾದದ ಮೇಲೆ ಬಿದ್ದಾಗಲೂ ಸ್ಟೂಲು ಬಿಡಲಿಲ್ಲ. ಅದೆಲ್ಲ ಸರಿ. ಆದರೆ ಅದು ಆಗ, ಇದು ಈಗ.

ಒಳ್ಳೆಯ ಬಿಳಿ ಬೆಳಕಿನ ಟ್ಯೂಬ್‌ಲೈಟ್ ಕಳಿಸಿಕೊಡುತ್ತೇನೆ. ಮುಂದಿನ ತಿಂಗಳು ಅಳತೆಯವರು ಬರುತ್ತಾರೆ. ಅವರ ಜೊತೆ ಜಗಳಕ್ಕೆ ನಿಲ್ಲಬೇಡ.

ನಿನ್ನ ತಮ್ಮ


ಜನವರಿ 19

ಮೊಳೆ,

ನಿನ್ನನ್ನು ಈಗ ಯಾರೂ ಹಾಗೆ ಕರೆಯುವುದಿಲ್ಲ ಅಂತ ಗೊತ್ತು. ಬಾಯಿತುಂಬ ಮೊಳೆ ಕಚ್ಚಿಕೊಂಡು ಬಡಗಿಯ ಹಿಂದೆ ಓಡಾಡುತ್ತಿದ್ದವನು ಈಗ ಸಾಹುಕಾರ. ಆದರೆ ನನಗೆ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರಾ ಅನ್ನುತ್ತಾರೆ. ನೀನು ಸ್ವಲ್ಪ ಮರ್ಯಾದಸ್ಥ, ಅರೆದು ಮುಗಿಸಿದ ಮೇಲೆ ಕೋಳಿಗೆ ಕಾಗದ ಬರೆದೆ.

ಟ್ಯೂಬ್‌ಲೈಟ್ ನಿನ್ನ ಅಂಗಡಿಯಲ್ಲೇ ಇಟ್ಟುಕೋ. ಅದರ ಕೆಳಗೆ ಕಪ್ಪು ದಾರ, ಕಡುನೀಲಿ ದಾರ ಎರಡೂ ಅವಳಿಜವಳಿ. ಒಂದು ಸಲ ಮೋಡದ ದಿನ ಲೈಟು ಹಾಕಿಕೊಂಡು ಒಬ್ಬರ ಕರಿಕೋಟಿನ ಮೊಣಕೈ ಕೂಡಿಸಿಕೊಟ್ಟೆ. ಬಿಸಿಲಿಗೆ ಹೋದರೆ ಮೊಣಕೈಯಲ್ಲಿ ನೀಲಿ ಮಚ್ಚೆ! ರಫೂ ಅಂದರೆ ಮಾಡಿದ್ದು ಕಾಣಬಾರದು. ಕಂಡರೆ ಅದು ತೇಪೆ. ತೇಪೆ ಹಾಕುವವರು ಬೀದಿಗೊಬ್ಬರಿದ್ದಾರೆ, ಅವರ ಹತ್ತಿರ ಹೋಗುವವರು ನನ್ನ ಹತ್ತಿರ ಯಾಕೆ ಬರುತ್ತಾರೆ?

ಬೇರೆ ಕಡೆ ಕಿಟಕಿ ಇಡೋಣ ಅಂದರೆ ಎರಡು ಪಕ್ಕದಲ್ಲೂ ಬೇರೆಯವರ ಗೋಡೆ, ಮುಂದೆ ಬೀದಿ. ನನ್ನ ಕೋಣೆಗಿರುವುದು ಅದೊಂದೇ ಕಣ್ಣು. ಅದು ಹೋದರೆ ನಾನು ಮತ್ತೆ ಹೊಸ್ತಿಲಿಗೆ. ಈ ಕೆಲಸ ಬಿಟ್ಟು ಬೇರೇನೂ ನನಗೆ ಬರುವುದಿಲ್ಲ, ಈ ವಯಸ್ಸಿನಲ್ಲಿ ಕಲಿಸುವವರೂ ಇಲ್ಲ. ಮತ್ತೆ ಜನ ನನ್ನನ್ನು ದಾಟಿಕೊಂಡು ಓಡಾಡಬೇಕಾ?

ಒಂದು ಮಂಚದಷ್ಟು ಅಗಲ ಜಾಗ ಬಿಟ್ಟು ಕಟ್ಟಿಸು. ಅಷ್ಟೇ ಕೇಳುವುದು. ನಿನ್ನ ಮೂಗು ಒರೆಸಿ ಬೆಳೆಸಿದ ಕೈಗೆ ಅಷ್ಟು ಬೆಳಕಾದರೂ ಬಿಡು.

ಅಕ್ಕ


ಫೆಬ್ರವರಿ 8

ಅಕ್ಕನಿಗೆ,

ನನ್ನ ಮೂಗಿನ ವಿಷಯ ಬರುತ್ತದೆ ಅಂತ ಗೊತ್ತಿತ್ತು, ಬಂತು. ಅಮ್ಮ ಹೋದ ಮೇಲೆ ನೀನು ನನ್ನನ್ನು ಬೆಳೆಸಿದೆ, ಒಪ್ಪಿದೆ. ಆದರೆ ಬೆಳೆಸಿದ್ದನ್ನು ನೀನು ಎಲ್ಲೆಲ್ಲಿ ಹೇಳಿಕೊಂಡು ತಿರುಗಿದ್ದೀಯ ಅನ್ನುವುದೂ ನೆನಪಿರಲಿ. ಅಂಗಡಿ ತೆರೆದ ದಿನ ಬ್ಯಾಂಕಿನವರು, ನನ್ನ ಹೆಂಡತಿಯ ತವರಿನವರು ಎಲ್ಲರೂ ಕೂತಿದ್ದಾಗ ಹೊಸ ಮಂಚ ತಟ್ಟಿ, "ಇವನು ಮಂಚದ ವ್ಯಾಪಾರ ಮಾಡ್ತಾನಂತೆ, ಮೀಸೆ ಬರೋವರೆಗೂ ಹಾಸಿಗೆ ಒದ್ದೆ ಮಾಡ್ತಿದ್ದ" ಅಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ಎಲ್ಲರಿಗಿಂತ ಜಾಸ್ತಿ ನಕ್ಕೆ. ನನ್ನ ಹೆಂಡತಿ ಇವತ್ತಿಗೂ ಮಂಚ ಮಾರಿಹೋದಾಗಲೆಲ್ಲ ನನ್ನ ಮುಖ ನೋಡುತ್ತಾಳೆ.

ಅಳತೆಯವರು ಬಂದಾಗ ಕಿಟಕಿಯಿಂದ ಅವರ ಮೇಲೆ ನೀರು ಎರಚಿದೆಯಂತೆ. ಒಳ್ಳೆಯದು.

ಮಂಚದಗಲ ಅಲ್ಲ, ಒಂದು ಬೆರಳಗಲವೂ ಬಿಡುವುದಿಲ್ಲ.

ತಮ್ಮ


ಮಾರ್ಚ್ 22

ಮೊಳೆ,

ಕೋರ್ಟಿನ ನೋಟೀಸು ತಲುಪಿರಬೇಕು. ಅದರ ಜೊತೆಗಿರುವುದಕ್ಕೆ ವಾದಪತ್ರ ಅನ್ನುತ್ತಾರೆ. ನಾನು ವಾದಿ, ನೀನು ಪ್ರತಿವಾದಿ. ಓದುವಾಗ ಕೂತುಕೊಂಡು ಓದು.

ನನ್ನ ವಕೀಲಮ್ಮನ ಕರಿಕೋಟು ಇಷ್ಟು ವರ್ಷದಿಂದ ನನ್ನ ಕೈಯಲ್ಲೇ ಬದುಕಿರುವುದು. ಅವರ ಆಫೀಸಿನಲ್ಲಿ ಕೂತುಕೊಳ್ಳಲು ಒಂದೇ ಕುರ್ಚಿ, ಮಿಕ್ಕಿದ್ದರಲ್ಲೆಲ್ಲ ಕಟ್ಟುಗಳು. ಅವರು ಕೇಳುತ್ತಾ ಹೋದರು, ನಾನು ಹೇಳುತ್ತಾ ಹೋದೆ.

"ಕಿಟಕಿ ಇಟ್ಟಿದ್ದು ಯಾರು?"

"ನನ್ ತಮ್ಮ."

"ಯಾಕೆ ಇಟ್ಟ?"

"ಯಾಕೆ ಅಂದ್ರೆ? ನನ್ ಮೇಲಿನ ಪ್ರೀತಿಗೆ."

ಅವರು ಪೆನ್ನು ಕೆಳಗಿಟ್ಟರು. "ಈ ಮಾತು ಇಲ್ಲೇ ಬಿಟ್ಬಿಡಿ, ಹೊರಗೆಲ್ಲೂ ಆಡ್ಬೇಡಿ. ಪ್ರೀತಿಯಿಂದ ಕೊಟ್ಟಿದ್ದನ್ನ ಯಾವತ್ತು ಬೇಕಾದ್ರೂ ವಾಪಸ್ ತಗೋಬಹುದು. ಯಾರ ಅಪ್ಪಣೆನೂ ಇಲ್ದೆ, ಎಲ್ಲರ ಕಣ್ಣೆದುರಿಗೇ, ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ನೀವೇ ಆ ಬೆಳಕು ಅನುಭವಿಸ್ಕೊಂಡು ಬಂದಿದ್ರೆ ಮಾತ್ರ ಅದು ನಿಮ್ಮ ಹಕ್ಕು."

"ಅಂದ್ರೆ ಕದ್ದಿದ್ರೆ ನಂದು, ಕೊಟ್ಟಿದ್ರೆ ಅವನ್ದು?"

"ಕದ್ದಿದ್ದು ಅನ್ಬೇಡಿ. ಹಕ್ಕಿನಿಂದ ಅನ್ನಿ."

ಹಾಗಾದರೆ ಬರೆಯಿರಿ ಅಂದೆ. ಐದನೆಯ ಪ್ಯಾರಾ ನೋಡು: "ಪ್ರತಿವಾದಿಗೆ ವಾದಿಯ ಮೇಲೆ ಯಾವ ಕಾಲದಲ್ಲೂ ಯಾವ ವಿಧವಾದ ಪ್ರೀತಿ ವಿಶ್ವಾಸವೂ ಇರುವುದಿಲ್ಲ. ಪ್ರತಿವಾದಿಯಾಗಲಿ, ಆಗಿನ ಮಾಲೀಕರಾದ ಆತನ ತಂದೆಯಾಗಲಿ ಸದರಿ ಕಿಟಕಿಗೆ ಅನುಮತಿ ಕೊಟ್ಟಿರುವುದಿಲ್ಲ." ಇದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಅಂತ ಕೊನೆಯಲ್ಲಿ ಸಹಿ ಹಾಕಬೇಕು. ನಿನ್ನ ಬೆರಳಗಲದ ಮಾತು ನೆನಪಾಯಿತು, ಹಾಕಿದೆ.

ಉತ್ತರ ಬರೆಸುವಾಗ ಜೋಪಾನ. ಅಲ್ಲಿ ನಿರಾಕರಿಸದ್ದೆಲ್ಲ ಒಪ್ಪಿದ ಹಾಗೆ ಅಂತೆ.

ಅಕ್ಕ


ಏಪ್ರಿಲ್ 17

ಅಕ್ಕನಿಗೆ, ಅಥವಾ ಕೋರ್ಟು ಹೇಳುವವರೆಗೆ ಅಕ್ಕ ಅಲ್ಲದವಳಿಗೆ,

ಯಾಕೆ ಹಾಗೆ ಅಂದೆ ಅಂದರೆ, ನಮ್ಮ ಲಿಖಿತ ಹೇಳಿಕೆ ಸಿದ್ಧವಾಗಿದೆ. ನಿನ್ನ ವಾದಪತ್ರಕ್ಕೆ ನಾನು ಕೊಡುವ ಉತ್ತರ. ಪ್ರತಿ ಹೇಗೂ ನಿನಗೆ ಸಿಗುತ್ತದೆ, ಆದರೂ ಎರಡು ಪ್ಯಾರಾ ನಾನೇ ಕೈಯಾರೆ ಬರೆದು ಕಳಿಸುವ ಆಸೆ.

ಮೊದಲನೆಯದು: "ವಾದಿಯು ಈ ಪ್ರತಿವಾದಿಯ ಒಡಹುಟ್ಟಿದ ಅಕ್ಕ ಎಂಬುದನ್ನು ನಿರಾಕರಿಸಲಾಗಿದೆ. ಅದನ್ನು ವಾದಿಯೇ ರುಜುವಾತು ಮಾಡತಕ್ಕದ್ದು."

ನಮ್ಮ ವಕೀಲರು ಪ್ರತಿ ಮಾತಿಗೂ ಮೊದಲು ಒಂದು ಸಲ ಕೆಮ್ಮುತ್ತಾರೆ, ಮನೆಯಲ್ಲಿ ಅವರಿಗೆ ಕೆಮ್ಮಿನ ವಕೀಲರು ಅಂತಲೇ ಹೆಸರು. "ಸಾರ್, ಅವಳು ಅಕ್ಕನೇ ಅಲ್ವಾ?" ಅಂದೆ. ಕೆಮ್ಮಿ, "ಎಲ್ಲಾ ನಿರಾಕರಿಸೋದು ಪದ್ಧತಿ. ಒಂದು ಒಪ್ಕೊಂಡ್ರೆ ಅದರ ಹಿಂದೆ ಇನ್ನೊಂದು ಬರುತ್ತೆ" ಅಂದರು. ಹೊಡೆದುಹಾಕಿ ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ.

ಏಳನೆಯದು: "ಈ ಪ್ರತಿವಾದಿಯು ವಾದಿಯ ಮೇಲಿನ ಪ್ರೀತಿ ವಿಶ್ವಾಸದಿಂದ ಮಾತ್ರ, ತಾನೊಬ್ಬನೇ, ಬೇರೆ ಯಾರ ನೆರವೂ ಇಲ್ಲದೆ ಸದರಿ ಕಿಟಕಿಯನ್ನು ಇಟ್ಟುಕೊಟ್ಟಿರುತ್ತಾನೆ. ಆ ಕಾಲಕ್ಕೆ ಸ್ಥಳದಲ್ಲಿ ಬೇರೆ ಯಾರೂ ಇರಲಿಲ್ಲ." ಪ್ರೀತಿಯಿಂದ ಕೊಟ್ಟೆ, ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ನಿನ್ನ ವಕೀಲಮ್ಮ ಹೇಳಿದ ಹಾಗೇ.

"ಹಿತ್ತಲು ಆವಾಗ ನಿಮ್ ತಂದೇದಲ್ವಾ? ಅವರು ಏನಂದ್ರು?" ಅಂತ ವಕೀಲರು ಕೇಳಿದರು. "ಅವರು ಅಲ್ಲಿ ಇರ್ಲೇ ಇಲ್ಲ. ಎಲ್ಲಾ ನಾನೇ" ಅಂದೆ. ಬೇಕು ಅಂತಲೇ ಅಂದೆ. ಬಂದವರಿಗೆಲ್ಲ ನೀನು "ನಮ್ಮಪ್ಪ ಇಡಿಸಿಕೊಟ್ಟ ಕಿಟಕಿ" ಅಂತ ತೋರಿಸುತ್ತಿದ್ದೆ, ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಹೆಬ್ಬೆರಳು ಜಜ್ಜಿಕೊಂಡವನು ನಾನು, ಹೆಸರು ಸ್ಟೂಲು ಹಿಡಿದವನಿಗೆ. ಈ ಒಂದು ಉಪಕಾರದಲ್ಲಿ ಅಪ್ಪನಿಗೂ ಪಾಲಿಲ್ಲ.

ಪ್ರತಿವಾದಿ


ಮೇ 2

ಮೊಳೆ,

ಒಂದನೆಯ ಪ್ಯಾರಾದಲ್ಲಿ ನಾನು ನಿನ್ನ ಅಕ್ಕ ಅಲ್ಲ, ಏಳನೆಯ ಪ್ಯಾರಾದಲ್ಲಿ ಅಕ್ಕನ ಮೇಲೆ ಪ್ರೀತಿ ಉಕ್ಕಿ ಹರಿದಿದೆ. ಮಧ್ಯದ ಐದು ಪ್ಯಾರಾದೊಳಗೆ ನಾನು ಯಾವಾಗ ಹುಟ್ಟಿದೆ?

ನಕ್ಕೆ. ಆಮೇಲೆ ಸೂಜಿ ಹಿಡಿದರೆ ಕಣ್ಣು ಮಂಜಾಗಿ ದಾರ ಪೋಣಿಸಲು ಆಗಲಿಲ್ಲ. ಎದುರುಮನೆಯ ಹುಡುಗಿಯನ್ನು ಕರೆದು ಪೋಣಿಸಿಕೊಂಡೆ. ಇದು ನಿನಗೆ ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ. ಅಳಿಸಿದ್ದು ಯಾರು ಅಂತ ನಿನಗೆ ತಿಳಿದಿರಬೇಕು.

ಇನ್ನು ನನಗೆ ಬರೆಯಬೇಡ.

ಅಕ್ಕ


ಜೂನ್ 14

ಪ್ರೀತಿಯ ಅಕ್ಕ,

ಬರೆಯಬೇಡ ಅಂದಿದ್ದೆ, ಆದರೂ ತಡೆಯಲಾಗಲಿಲ್ಲ. ಹೋದ ವಾರವಿಡೀ ಜ್ವರ. ಮಲಗಿದ ಕಡೆ ಹಳೆಯದೆಲ್ಲ ಕಣ್ಣ ಮುಂದೆ ಬಂತು. ಈ ಕೋರ್ಟು ಕಚೇರಿ ನಮಗೆ ಯಾಕೆ ಬೇಕಿತ್ತು ಅನ್ನಿಸುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನಿನ್ನ ಕಣ್ಣು ಹೇಗಿದೆ?

ಒಂದು ಆಸೆ. ಚಿಕ್ಕಂದಿನಲ್ಲಿ ನೀನು ನನಗೆ ಹಳೆಯ ಸಂಗತಿಗಳನ್ನು ಹೇಳುತ್ತಿದ್ದೆಯಲ್ಲ, ಹಾಗೆ ಆ ಕಿಟಕಿ ಇಟ್ಟ ದಿನದ್ದನ್ನು ಒಂದು ಸಲ ಪೂರ್ತಿ ಬರೆದು ಕಳಿಸು. ನಾನು ಯಾಕೆ ಇಟ್ಟೆ, ಏನಂದೆ, ನಿನಗೆ ಹೇಗನ್ನಿಸಿತು, ಎಲ್ಲಾ. ನೀನು ಯಾವಾಗಲೂ ಬರೀ "ಅಕ್ಕ" ಅಂತ ಮುಗಿಸಿಬಿಡುತ್ತೀಯ. ಈ ಸಲ ದಿನಾಂಕದ ಕೆಳಗೆ ಪೂರ್ತಿ ಸಹಿಯನ್ನೂ ಹಾಕು, ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಅದನ್ನು ಓದಿದರೆ ನನ್ನ ಮನಸ್ಸು ಕರಗಬಹುದು. ಯಾರಿಗೆ ಗೊತ್ತು?

ನಿನ್ನ ಮೊಳೆ


ಜುಲೈ 3

ನನ್ನ ಮೊಳೆ,

ನಿನ್ನ ಕಾಗದ ಓದಿ ಎರಡು ದಿನ ಕೆಲಸಕ್ಕೆ ಕೂರಲಿಲ್ಲ. ಕೇಳಿದೆಯಲ್ಲ, ಬರೆಯುತ್ತೇನೆ.

ನಿನ್ನ ಭಾವ ಹೋಗಿ ಸ್ವಲ್ಪ ಕಾಲವಾಗಿತ್ತು. ಹೊಸ್ತಿಲ ಮೇಲೆ ಕೂತು ಒಂದು ಶಾಲಿನ ಅಂಚು ಕೂಡಿಸುತ್ತಿದ್ದೆ. ಯಾರೋ ಚಪ್ಪಲಿ ಕಾಲಲ್ಲೇ ಅದರ ಮೇಲೆ ಹೆಜ್ಜೆ ಇಟ್ಟು ಹೋದರು. ನೀನು ಕೆಲಸದಿಂದ ಬರುತ್ತಿದ್ದವನು ನೋಡಿದೆ. ಒಳಗೆ ಹೋಗಿ ಅಮ್ಮನ ಹಳೇ ಮಂಚ ಬಿಚ್ಚಿದೆ. ಆ ಮರದಲ್ಲೇ ಕಿಟಕಿಯ ಚೌಕಟ್ಟು ಮಾಡಿದೆ, ಒಂದು ಮೂಲೆ ಸರಿಯಾಗಿ ಕೂಡದೆ ಅದಕ್ಕೆ ಬೈದುಕೊಂಡೆ. ಇವತ್ತಿಗೂ ಆ ಮೂಲೆಯಲ್ಲಿ ಕಾಗದದ ಸುರುಳಿ ತುರುಕಿದ್ದೇನೆ.

ಉಳಿ ಸುತ್ತಿಗೆ ಹಿಡಿದು ಗೋಡೆ ಒಡೆದೆ. ಹೆಬ್ಬೆರಳು ಜಜ್ಜಿಹೋಯಿತು. ಅಳಲಿಲ್ಲ, ಬಾಯಲ್ಲಿ ಮೊಳೆ ಇತ್ತು, ಅಳಲು ಜಾಗವಿರಲಿಲ್ಲ. ಮೊದಲನೆಯ ಇಟ್ಟಿಗೆ ಹೋದಾಗ ನನ್ನ ತೊಡೆಯ ಮೇಲೆ ಬೆಳಕು ಬಿತ್ತು. ಅಲ್ಲಿಯವರೆಗೆ ಕಪ್ಪು ಅಂದುಕೊಂಡು ಇಟ್ಟುಕೊಂಡಿದ್ದ ಒಂದು ಕೋಟು ಕಡುಹಸಿರು ಅಂತ ಗೊತ್ತಾಯಿತು. ನೀನು ಆ ತೂತಿನಿಂದ ಮುಖ ಹಾಕಿ "ತಗೋ ಅಕ್ಕ" ಅಂದೆ. ಮೈತುಂಬ ಸುಣ್ಣದ ಪುಡಿ. ಅದು ಪ್ರೀತಿಯಲ್ಲದೆ ಇನ್ನೇನು? ನನಗೆ ಯಾರೂ ಅಷ್ಟು ದೊಡ್ಡದನ್ನು ಕೊಟ್ಟಿರಲಿಲ್ಲ. ನೀನೊಬ್ಬನೇ ಮಾಡಿದೆ, ಅಲ್ಲಿ ಬೇರೆ ಯಾರೂ ಇರಲಿಲ್ಲ, ಅದೂ ನಿಜ.

ಸಂಜೆ ಅಪ್ಪ ಬಂದ. ಸೈಕಲ್ ಸಾಮಾನು ತರಲು ಹೋಗಿದ್ದವನು ಗೋಡೆ ನೋಡಿ ಕೆಂಡವಾದ. "ಯಾರನ್ನ ಕೇಳಿ ಒಡ್ದೆ? ಹಿತ್ತಲು ನಂದು! ಮುಚ್ಚು ಅದನ್ನ!" ಅಂದ. ಗೋಡೆಗೆ ನೇತುಹಾಕಿದ್ದ ಹಳೇ ಸೈಕಲ್ ಟ್ಯೂಬ್ ತೆಗೆದುಕೊಂಡು ನಿನಗೆ ಹೊಡೆದ. ನೀನು ಎರಡೂ ಕೈ ಅಗಲಿಸಿ ಕಿಟಕಿಗೆ ಅಡ್ಡ ನಿಂತೆ, ಹೊಡೆತ ತಿಂದೆ, ಕದಲಲಿಲ್ಲ. ಅಪ್ಪ ಸಾಯುವವರೆಗೂ ಆ ಕಿಟಕಿಗೆ ಹೂಂ ಅನ್ನಲಿಲ್ಲ. ಮುಚ್ಚಿಸಲೂ ಇಲ್ಲ. ಅದು ಹಾಗೇ ಉಳಿಯಿತು.

ಓದಿ ನಿನ್ನ ಮನಸ್ಸು ಕರಗಿದರೆ ಬರೆ. ಕೇಳಿದ ಹಾಗೆ ಕೆಳಗೆ ಪೂರ್ತಿ ಸಹಿ ಹಾಕಿದ್ದೇನೆ.

ನಿನ್ನನ್ನು ಮರೆಯದ ಅಕ್ಕ
(ಪೂರ್ತಿ ಸಹಿ)


ಆಗಸ್ಟ್ 9

ಅಕ್ಕನಿಗೆ,

ಬಹಳ ಉಪಕಾರವಾಯಿತು. ನಿನ್ನ ಕಾಗದ ಈಗ ಕೋರ್ಟಿನಲ್ಲಿದೆ, ನಮ್ಮ ಕಡೆಯ ದಾಖಲೆ. "ಅದು ಪ್ರೀತಿಯಲ್ಲದೆ ಇನ್ನೇನು" ಅನ್ನುವ ಸಾಲಿನ ಕೆಳಗೆ ಕೆಮ್ಮಿನ ವಕೀಲರು ಕೆಂಪು ಗೆರೆ ಎಳೆದಿದ್ದಾರೆ. ಪ್ರೀತಿ ಇರಲೇ ಇಲ್ಲ ಅಂತ ಮಾರ್ಚಿನಲ್ಲಿ ಸಹಿ, ಪ್ರೀತಿಯೇ ಅಂತ ಜುಲೈಯಲ್ಲಿ ಸಹಿ. ಈಗ ನೀನು ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ.

ಕಾಗದದಲ್ಲಿರುವುದೆಲ್ಲ ನಿಜ ಅಂತ ನಾನು ಪ್ರಮಾಣಪತ್ರವನ್ನೂ ಹಾಕಿದ್ದೇನೆ. ಅಪ್ಪನ ವಿಷಯದಲ್ಲಿ ಮಾತ್ರ ನಿನ್ನ ತಲೆ ಕೆಟ್ಟಿದೆ. ಬಾಗಿದ ರಿಮ್ಮನ್ನೂ ಸವರಿ ಸವರಿ ನೆಟ್ಟಗೆ ಮಾಡುತ್ತಿದ್ದವನು ಯಾರಿಗೆ ಹೊಡೆದಾನು? ವಕೀಲರಿಗೆ ಹೇಳಿದೆ. ಕೆಮ್ಮಿ, "ಅದು ಮನೆ ಮಾತು, ಹೋಗ್ಲಿ ಬಿಡಿ. ನಮಗೆ ಬೇಕಾಗಿದ್ದು ಸಿಕ್ತಲ್ಲ" ಅಂದರು. ವಯಸ್ಸಾಯಿತು ನಿನಗೆ ಅಂತ ನಾನೂ ಬಿಟ್ಟೆ.

ಜ್ವರ ಗಿರ ಏನೂ ಇರಲಿಲ್ಲ. ಚೆನ್ನಾಗಿದ್ದೇನೆ.

ಪ್ರತಿವಾದಿ


ಅಕ್ಟೋಬರ್ 26

ಮೊಳೆ,

ನಿನ್ನೆ ಕೋರ್ಟಿನ ಮೆಟ್ಟಿಲಲ್ಲಿ ನನ್ನ ಮುಖ ನೋಡದೆ ಇಳಿದುಹೋದೆ. ನೋಡಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಈಗ ಬರೆಯಬೇಕಾಯಿತು.

ಹುಟ್ಟಿದಾಗಿನಿಂದ ನನ್ನ ಕಣ್ಣು ಹೇಗಿದೆ ಅಂತ ಒಂದು ಸಲವೂ ಕೇಳದವನು ಜೂನಿನಲ್ಲಿ ಕೇಳಿದೆ. ಸಹಿ ಬೇರೆ ಬೇಕು ಅಂದೆ. ತಮ್ಮ ಅಕ್ಕನ ಹತ್ತಿರ ಪೂರ್ತಿ ಸಹಿ ಕೇಳುತ್ತಾನಾ? ನಿನ್ನ ಕಾಗದದಲ್ಲಿ ನನಗೆ ಕೆಮ್ಮು ಕೇಳಿಸಿತು. ಎರಡು ದಿನ ಕೆಲಸಕ್ಕೆ ಕೂರಲಿಲ್ಲ ಅಂದಿದ್ದು ನಿಜ. ಒಂದು ದಿನ ಅತ್ತೆ. ಇನ್ನೊಂದು ದಿನ ಯೋಚನೆ ಮಾಡಿದೆ. ಅಪ್ಪ ಅಲ್ಲಿ ಇರಲೇ ಇಲ್ಲ ಅಂತ ನೀನು ಬರೆಸಿದ್ದೆಯಲ್ಲ, ಅಲ್ಲಿಂದಲೇ ದಾರಿ ಸಿಕ್ಕಿತು. ಅವನು ಸ್ಟೂಲು ಹಿಡಿದಿದ್ದ ಅಂತ ಬರೆಸಿದ್ದರೆ ನಾನು ಸೋತಿದ್ದೆ. ಹಿತ್ತಲಿನ ಯಜಮಾನನೇ ಇಟ್ಟಿಗೆ ಇಸಿದುಕೊಂಡ ಮೇಲೆ ಅದಕ್ಕಿಂತ ದೊಡ್ಡ ಅಪ್ಪಣೆ ಬೇಕಾ? ನೀನೇ ಅವನನ್ನು ಅಲ್ಲಿಂದ ಕಳಿಸಿದೆ. ನಾನು ಸಂಜೆಗೆ ವಾಪಸ್ ಕರೆದುಕೊಂಡು ಬಂದೆ, ಕೈಗೆ ಟ್ಯೂಬ್ ಕೊಟ್ಟು.

ನಿನ್ನೆ ನೀನು ಕಟಕಟೆಯಲ್ಲಿ ನಿಂತಾಗ ನನ್ನ ವಕೀಲಮ್ಮ ಆ ಕಾಗದ ಹಿಡಿದುಕೊಂಡು ಎದ್ದರು.

"ಇದು ನೀವೇ ಹಾಜರುಮಾಡಿದ್ದು. ಇದರಲ್ಲಿರೋದೆಲ್ಲ ನಿಜ?"

"ಹೌದು."

"ನಿಮ್ಮ ತಂದೆ ಕಿಟಕಿ ಮುಚ್ಚು ಅಂದ್ರು. ನಿಮಗೆ ಟ್ಯೂಬಲ್ಲಿ ಹೊಡೆದ್ರು. ಹೌದೋ ಅಲ್ವೋ?"

ನೀನು ನಿನ್ನ ವಕೀಲರ ಕಡೆ ನೋಡಿದೆ. ಅವರು ಕೆಮ್ಮಿದರು. ಅಲ್ಲ ಅಂದರೆ ಕಾಗದವೇ ಸುಳ್ಳಾಗುತ್ತದೆ, ಪ್ರೀತಿಯ ಸಾಲೂ ಹೋಗುತ್ತದೆ ಅಂತ ಲೆಕ್ಕ ಹಾಕಿದೆ. ನಿನ್ನ ಮುಖ ಓದಲು ನನಗೆ ಬೆಳಕು ಬೇಕಿಲ್ಲ.

"ಹೌದು, ಹೊಡೆದ್ರು" ಅಂದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಿನ್ನ ಮಗ ತಲೆ ಎತ್ತಿದ.

ಆಮೇಲೆ ಎಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಆಯಿತು. ಯಜಮಾನ ಬೇಡ ಅಂದಿದ್ದ, ಆದರೂ ಕಿಟಕಿ ಉಳಿಯಿತು, ಅದೇ ಹಕ್ಕು. ಪ್ರೀತಿ ತೋರಿಸಿದವನಿಗೆ ಆಗ ಹಿತ್ತಲೇ ಇರಲಿಲ್ಲ, ಇನ್ನೊಬ್ಬರ ಜಾಗದ ಬೆಳಕು ದಾನ ಮಾಡಲು ಇವನು ಯಾರು ಅಂತ ನನ್ನ ವಕೀಲಮ್ಮ ಕೇಳಿದರು. ಎರಡೂ ಕಡೆಯವರು ಒಪ್ಪಿದ್ದಕ್ಕೆ ಸಾಕ್ಷಿ ಬೇಕಿಲ್ಲವಂತೆ.

ಈಗ ಒಂದು ಮಾತು ಹೇಳುತ್ತೇನೆ, ನಂಬುವುದು ಬಿಡುವುದು ನಿನಗೆ ಬಿಟ್ಟಿದ್ದು. ಒಳಗೆ ಹೋಗುವ ಮೊದಲು ವಕೀಲಮ್ಮನಿಗೆ ಹೇಳಿದ್ದೆ: "ಅವನು ಅಲ್ಲ ಅಂದ್ರೆ, ನಮ್ಮಪ್ಪ ಹೊಡೀಲಿಲ್ಲ ಅಂದ್ರೆ, ನಾನು ಎದ್ದು ದಾವೆ ವಾಪಸ್ ತಗೋತೀನಿ. ಗೋಡೆ ಕಟ್ಕೊಳ್ಲಿ." ಅವರು ನನ್ನ ಮೇಲೆ ರೇಗಿದರು, ಹುಚ್ಚಾ ನಿಮಗೆ ಅಂದರು. ನಾನು ಬೆಂಚಿನ ತುದಿಯಲ್ಲೇ ಕೂತಿದ್ದೆ, ಏಳಲು ಸುಲಭವಾಗಲಿ ಅಂತ. ನನ್ನ ಮೇಲಿನ ಪ್ರೀತಿಯನ್ನು ನೀನು ನಿರಾಕರಿಸು, ಅಕ್ಕನೇ ಅಲ್ಲ ಅನ್ನು, ಆಯಿತು. ಅಪ್ಪನನ್ನಾದರೂ ಬಿಟ್ಟುಕೊಡುವುದಿಲ್ಲ ಅಂದುಕೊಂಡಿದ್ದೆ.

ಅಪ್ಪನನ್ನು ಮಾರಿದ್ದು ನಾವಿಬ್ಬರೂ. ನಾನು ಒಂದು ಕಿಟಕಿಗೆ ಮಾರಿದೆ. ನಿನಗೆ ಅದೂ ಸಿಗಲಿಲ್ಲ.

ಅಕ್ಕ


ನವೆಂಬರ್ 20

ಅಕ್ಕ,

ತೀರ್ಪು ಬಂತು. ನೀನು ಗೆದ್ದೆ. ನಿನ್ನ ಹಿಂದಿನ ಕಾಗದವನ್ನು ವಕೀಲರಿಗೆ ತೋರಿಸಲಿಲ್ಲ, ತೋರಿಸಿದರೆ ನನ್ನ ಪ್ರಮಾಣಪತ್ರವೂ ಸುಳ್ಳಾಗುತ್ತಿತ್ತು. ಗೋಡೌನ್ ಬೇರೆ ಕಡೆ ನೋಡುತ್ತೇನೆ, ಮೇಲಿನ ಕೋರ್ಟಿಗೆ ಹೋಗುವುದಿಲ್ಲ. ಇದು ಅದಕ್ಕೆ ಬರೆಯುತ್ತಿರುವ ಕಾಗದ ಅಲ್ಲ.

ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅಪ್ಪನ ಫೋಟೋ ಇತ್ತು, ಸೈಕಲ್ ಚಕ್ರ ಹಿಡಿದುಕೊಂಡಿರುವುದು. ಕೋರ್ಟಿನಿಂದ ಬಂದ ದಿನವೇ ಮಗ ಅದನ್ನು ಇಳಿಸಿ ಬೀರುವಿನ ಹಿಂದೆ ಇಟ್ಟ. "ತಾತ ಇಂಥೋರು ಅಂತ ಯಾಕಪ್ಪ ಯಾವತ್ತೂ ಹೇಳ್ಲಿಲ್ಲ?" ಅಂದ. ಏನು ಹೇಳಲಿ? ಹೊಡೆಯಲಿಲ್ಲ ಕಣೋ ಅಂದರೆ, ಗೋಡೌನಿಗೋಸ್ಕರ ಹೆತ್ತ ಅಪ್ಪನ ಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳಿದವನು ನಾನು. ಸುಮ್ಮನಿದ್ದರೆ ಅಪ್ಪ ಅಂಥವನು. ಸುಮ್ಮನಿದ್ದೇನೆ. ಈಗ ಮಗ ನನ್ನನ್ನು ಬಹಳ ಮೃದುವಾಗಿ ಮಾತಾಡಿಸುತ್ತಾನೆ, ಹೊಡೆತ ತಿಂದು ಬೆಳೆದ ಪಾಪದವನು ಅಂತ. ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ನಿನ್ನ ಮಾತು ಅವನು ನಂಬುತ್ತಾನೆ. ಅವನಿಗೆ ಒಂದು ಸಾಲು ಬರೆ. ಅಪ್ಪ ಕೆಳಗೆ ಸ್ಟೂಲು ಹಿಡಿದಿದ್ದ, ಇಟ್ಟಿಗೆ ಕಾಲ ಮೇಲೆ ಬಿದ್ದರೂ ಬಿಡಲಿಲ್ಲ ಅಂತ. ಅದನ್ನು ನೋಡಿದವರು ಈಗ ನಾವಿಬ್ಬರೇ ಉಳಿದಿರುವುದು. ನನ್ನ ತಪ್ಪೆಲ್ಲ ಹೊಟ್ಟೆಗೆ ಹಾಕಿಕೋ. ನಿನ್ನ ಕಾಲು ಬೇಕಾದರೂ ಹಿಡಿಯುತ್ತೇನೆ.

ನಿನ್ನ ಮೊಳೆ


ಡಿಸೆಂಬರ್ 1

ಪ್ರತಿವಾದಿಗೆ,

ನಿನ್ನ ಕಾಗದ ಬಂತು.

ಬರೆಯಲು ಕೂತೆ. ನಿನ್ನ ಮಗನ ಹೆಸರನ್ನೂ ಮೇಲೆ ಬರೆದೆ. ಆಮೇಲೆ ನಿನ್ನ ಲಿಖಿತ ಹೇಳಿಕೆಯ ಪ್ರತಿ ತೆಗೆದು ಏಳನೆಯ ಪ್ಯಾರಾ ಓದಿಕೊಂಡೆ. ಆ ಕಾಲಕ್ಕೆ ಸ್ಥಳದಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಂತ ಬರೆಸಿದವನು ನೀನು. ಅದರಲ್ಲಿರುವ ಎಲ್ಲವನ್ನೂ ನಾನು ನಿರಾಕರಿಸಿದ್ದೇನೆ, ಆ ಒಂದು ಸಾಲನ್ನು ನಿರಾಕರಿಸಿಲ್ಲ. ಇನ್ನು ಮುಂದೆಯೂ ನಿರಾಕರಿಸುವುದಿಲ್ಲ.

ಇವತ್ತು ಮೋಡವಿಲ್ಲ, ಬೆಳಕು ಚೆನ್ನಾಗಿದೆ. ನಿನ್ನ ಕೆಮ್ಮಿನ ವಕೀಲರ ಕರಿಕೋಟು ರಫೂಗೆ ಬಂದಿದೆ. ಮಾಡಿದ್ದು ಗೊತ್ತಾಗದ ಹಾಗೆ ಮಾಡಿಕೊಡಬೇಕು ಅಂತ ಹೇಳಿ ಕಳಿಸಿದ್ದಾರೆ.

ವಾದಿ